ಬುತ್ತಿ ಡಬ್ಬಿಯ ಎಡ ಬಲ

ಮಸ್ಕಿಯಲ್ಲಿ ಲಿಂಗಸುಗೂರು ಬಸ್ಸು ಹತ್ತುವವರು ಕಿಟಕಿ ಸಿಕ್ಕರೆ ಸಾಕೆಂದು ನುಗ್ಗುತ್ತಾರೆ. ಡ್ರಾಯಿಂಗ್ ಮಾಸ್ತರ ಶಿವಪ್ರಸಾದ ಮಾತ್ರ ನಾಲ್ಕು ತಿಂಗಳಿಂದ ಎಡಗಡೆಯ ಕಿಟಕಿ ಖಾಲಿ ಇದ್ದರೂ ಅದರ ತಂಟೆಗೆ ಹೋಗಿರಲಿಲ್ಲ. ಎಡಗಡೆ ಕೂತರೆ ಸಂತೆಕಲ್ಲೂರಿನಲ್ಲಿ ಬಸ್ಸು ನಿಂತಾಗ ಬೇವಿನ ಗಿಡದ ಹಿಂದೆ ಚಿಗವ್ವ ಶೇಖಮ್ಮನ ಓಣಿ ಕಣ್ಣಿಗೆ ಬೀಳುತ್ತದೆ. ಬಲಗಡೆ ಕೂತರೆ ಬರೀ ಹೊಲ. ಜೋಳ ಇದ್ದರೆ ಜೋಳ, ಇಲ್ಲವಾದರೆ ಕರಿಮಣ್ಣು. ಅವಕ್ಕೆ ಇವನ ಹತ್ತಿರ ಕೇಳುವುದೇನೂ ಇಲ್ಲ. ಇವತ್ತೂ ಬಲಗಡೆಯೇ ಕೂತ, ಆದರೆ ಇವತ್ತು ಯಾವ ಕಡೆ ಕೂತರೂ ಒಂದೇ. ಶಾಲೆ ಮುಗಿಸಿಕೊಂಡು ಬರುವಾಗ ಸಂತೆಕಲ್ಲೂರಿನಲ್ಲಿ ಇಳಿಯಲೇಬೇಕು. ತೊಡೆಯ ಮೇಲಿನ ಚೀಲದಲ್ಲಿ ಆಮಂತ್ರಣ ಪತ್ರಿಕೆ ಇತ್ತು. ಭಾನುವಾರ ಸಿಂಧನೂರಿನಲ್ಲಿ ಅವನ 'ಬುತ್ತಿ ಡಬ್ಬಿ' ಚಿತ್ರಕ್ಕೆ ಬಹುಮಾನ. ಚಿತ್ರದ ಪಕ್ಕದಲ್ಲಿ ಡಬ್ಬಿ ಹಿಡಿದುಕೊಂಡು ಶೇಖಮ್ಮನೂ ವೇದಿಕೆಯ ಮೇಲೆ ನಿಲ್ಲಬೇಕೆಂದು ಬಹುಮಾನ ಕೊಡುವ ಸಂಘದವರ ಆಸೆ. ಜೀಪು ನಾವೇ ಕಳಿಸುತ್ತೇವೆ, ನೀವು ಆ ತಾಯಿಗೆ ಒಂದು ಮಾತು ಹೇಳಿಬಿಡಿ ಸಾಕು ಎಂದು ನಿನ್ನೆ ಫೋನು ಮಾಡಿದ್ದರು. ಒಂದು ಮಾತಂತೆ! ಆ ಒಂದು ಮಾತಿನ ಬೆನ್ನಿಗೆ ಇನ್ನೊಂದು ಮಾತು ಅಂಟಿಕೊಂಡಿದೆ ಎಂಬುದು ಇವನೊಬ್ಬನಿಗೆ ಗೊತ್ತು.

ಬೆಳಿಗ್ಗೆ ಹೆಂಡತಿ ಸುಕನ್ಯಾ ಇವನ ಊಟದ ಡಬ್ಬಿ ತುಂಬಿಸಿ ಟೇಬಲ್ಲಿನ ಮೇಲಿಟ್ಟಾಗ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ್ದ. ಹೊಸ ಡಬ್ಬಿ, ಎಲ್ಲ ಕಡೆ ನುಣ್ಣಗೆ. ನೋಡುತ್ತಿದ್ದ ಹಾಗೇ ಒಂದು ಪಕ್ಕ ಒಳಗೆ ಹೋದಂತೆ ಕಂಡಿತು. ಹೆಬ್ಬೆರಳಿಟ್ಟು ಮುಟ್ಟಿದರೆ ಏನೂ ಇಲ್ಲ. ಈಚೆಗೆ ಹೀಗೇ ಆಗಿದೆ. ಚರಿಗೆ, ನೀರಿನ ಕೊಡ, ಹಾಲಿನ ಬೋಗುಣಿ, ದುಂಡಗಿರುವ ಯಾವುದನ್ನು ನೋಡಿದರೂ ಅದು ನೋಡನೋಡುತ್ತಲೇ ನೆಗ್ಗುತ್ತದೆ. ನಾಲ್ಕು ತಿಂಗಳಿಂದ ಕುಂಚ ಹಿಡಿದಿಲ್ಲ. ಪೋಸ್ಟಾಫೀಸಿಗೆ ಹೊರಟು ನಿಂತಿದ್ದ ಸುಕನ್ಯಾ, 'ಅದು ಡಬ್ಬಿನೋ ಕನ್ನಡೀನೋ? ಬಸ್ ಹೋಗ್ತತಿ ನೋಡ್ರಿ' ಅಂದಳು. ನಕ್ಕ. ಅವಳ ಹಿಂದಿನ ಗೋಡೆಯ ಮೇಲೆ ಮೊಳೆಗೆ ಕ್ಯಾಲೆಂಡರು ತೂಗುತ್ತಿತ್ತು. ಆ ಮೊಳೆಯ ಕಡೆ ನೋಡದೆ ಚಪ್ಪಲಿ ಮೆಟ್ಟಿಕೊಂಡ.

ಅವನು ಬರೆಯುವುದು ವಸ್ತುಗಳನ್ನು ಮಾತ್ರ. ಮನುಷ್ಯರ ಮುಖ ಬರೆಯಲು ಎಂದೂ ಧೈರ್ಯವಾಗಲಿಲ್ಲ, ಮುಖ ತಿರುಗಿ ನೋಡುತ್ತದೆ. ವಸ್ತು ಹಾಗಲ್ಲ, ಇಟ್ಟ ಕಡೆ ಇರುತ್ತದೆ, ಎಷ್ಟು ಹೊತ್ತು ದಿಟ್ಟಿಸಿದರೂ ಸುಮ್ಮನಿರುತ್ತದೆ ಅಂದುಕೊಂಡಿದ್ದ. ಓಣಿಯವರ ಮನೆಗಳಿಂದ ಗಂಗಾಳ, ಕಾಳು ಕೇರುವ ಮರ, ಹರಿದ ಚಪ್ಪಲಿ, ಕಂದೀಲು ಕೇಳಿ ತರುತ್ತಿದ್ದ; ಚಿತ್ರ ಮುಗಿದ ದಿನವೇ ತೊಳೆದು ವಾಪಸು ಕೊಡುತ್ತಿದ್ದ. ಒಂದೇ ಒಂದು ನೇಮ: ಎದುರಿಗೆ ಇಲ್ಲದ್ದನ್ನು ಬರೆಯುವುದಿಲ್ಲ. ಗಡಿಗೆಗೆ ಬಿರುಕಿಲ್ಲದಿದ್ದರೆ ಚಿತ್ರದಲ್ಲೂ ಬಿರುಕಿಲ್ಲ, ಚಿತ್ರ ಕೆಟ್ಟರೆ ಕೆಡಲಿ. ಕಲಬುರಗಿಯಲ್ಲಿ ಒಮ್ಮೆ ಯಾರೋ ದೊಡ್ಡ ಕಲಾವಿದರು, ಸ್ವಲ್ಪ ಕಲ್ಪನೆ ಸೇರಿಸಪ್ಪಾ ಅಂದದ್ದಕ್ಕೆ ಇವನು, 'ಸುಳ್ಳು ಬರಿಯೋದಿಲ್ರೀ ಸರ್' ಅಂದುಬಿಟ್ಟಿದ್ದ. ಅಂದು ಬಂದ ಮೇಲೆ ಆ ಮಾತಿನ ರುಚಿ ಎರಡು ದಿನ ಬಾಯಲ್ಲಿತ್ತು. ಕೇರಿಯಲ್ಲಿ ಹುಟ್ಟಿ, ಅವ್ವ ಅಯ್ಯಮ್ಮ ನಾಟಿ ಹಚ್ಚಿ ಓದಿಸಿದ ಮಗ, ಸಂಬಳದ ಕೆಲಸ, ಗೋಡೆಯ ಮೇಲೆ ಬುದ್ಧನ ಪಟ, ಸುಳ್ಳಿಲ್ಲದ ಚಿತ್ರ. ತನ್ನ ಬಗ್ಗೆ ಅವನಿಗೆ ಒಳಗೊಳಗೇ ಬಹಳ ಚೆನ್ನಾಗಿ ಅನಿಸುತ್ತಿತ್ತು, ಅದನ್ನು ಮುಚ್ಚಿಡುವುದೇಕೆ.

ಬಸ್ಸಿನ ಎದುರು ಒಂದು ಟಂಟಂ ಆಟೋ ಬಂತು. ಹಿಂದೆ ಎಂಟೋ ಒಂಬತ್ತೋ ಹೆಂಗಸರು, ತಲೆಗೆ ಟವೆಲು, ತೊಡೆಯ ಮೇಲೆ ಡಬ್ಬಿ, ಸಿಂಧನೂರಿನ ಕಡೆ ಕಾಲುವೆ ನೀರಿನ ಗದ್ದೆಗೆ ನಾಟಿಗೆ ಹೊರಟಿದ್ದರು. ಒಬ್ಬಳು ಏನೋ ಹೇಳಿ ಉಳಿದವರು ನಕ್ಕರು. ನಗು ಕೇಳಿಸಲಿಲ್ಲ, ಹಲ್ಲು ಕಂಡವು. ಮೌನೇಶ್ವರಿಯೂ ಹಾಗೇ ಹೋದವಳು. ಹೋದ ವರ್ಷಕ್ಕೂ ಹಿಂದಿನ ಮಳೆಗಾಲ, ಕಾಲುವೆಯ ತಿರುವಿನಲ್ಲಿ ಟಂಟಂ ಮಗುಚಿ ಆರು ಮಂದಿಗೆ ಪೆಟ್ಟಾಗಿ ಅವಳೊಬ್ಬಳು ಸತ್ತಳು. ಶೇಖಮ್ಮನ ಒಬ್ಬಳೇ ಮಗಳು. ಶೇಖಮ್ಮ ಇವನ ಅವ್ವನ ಜೊತೆ ಇಪ್ಪತ್ತು ವರ್ಷ ಒಂದೇ ಸಾಲಿನಲ್ಲಿ ಬಗ್ಗಿ ನಾಟಿ ಹಚ್ಚಿದವಳು, ಇವನಿಗೆ ಚಿಗವ್ವ. ಮಾತಾಡಿಸಿ ಬರಲು ಹೋದಾಗ ಗೋಡೆಯೊಳಗಿನ ಮಾಡದಲ್ಲಿ ಡಬ್ಬಿ ಕಂಡಿತು. ಯಾರೋ ಕೆಸರಿನಿಂದ ಎತ್ತಿ ತಂದು, ತೊಳೆದು ಇಟ್ಟಿದ್ದರು. ದುಂಡನೆಯ ಸ್ಟೀಲಿನ ಡಬ್ಬಿ, ಪಕ್ಕದಲ್ಲಿ ಒಂದು ನೆಗ್ಗು. ಸಾಯಂಕಾಲದ ಬೆಳಕು ಆ ನೆಗ್ಗಿನಲ್ಲಿ ನೀರಿನಂತೆ ನಿಂತಿತ್ತು. ಮುಚ್ಚಳ ಬಿಚ್ಚಿರಲಿಲ್ಲವಂತೆ, ರೊಟ್ಟಿ ಪುಂಡಿಪಲ್ಲೆ ಕಟ್ಟಿದ್ದು ಕಟ್ಟಿದ ಹಾಗೇ ಇತ್ತಂತೆ. ಸುತ್ತ ಹೆಂಗಸರು ಅಳುತ್ತಿದ್ದರು, ಇವನ ಕಣ್ಣು ಮಾಡ ಬಿಟ್ಟು ಕದಲಲಿಲ್ಲ. ಹದಿನಾಲ್ಕನೆಯ ದಿನ ಹೋಗಿ ಚಿತ್ರ ಬರೆಯಲು ಅದನ್ನು ಕೇಳಿದ. ಮುಖಕ್ಕೆ ಸೆರಗು ಹಾಕಿಕೊಂಡು ಕೂತಿದ್ದ ಚಿಗವ್ವ ಡಬ್ಬಿಯನ್ನು ನೋಡಲೂ ಇಲ್ಲ, ಮುಟ್ಟಲೂ ಇಲ್ಲ. ತಗೊಂಡು ಹೋಗು ಎಂದು ಕೈ ಮಾಡಿದಳು. ಅರಿವೆಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಬರುವಾಗ ಇವನಿಗೆ ದುಃಖವಾಗಿರಲಿಲ್ಲ, ಆತುರವಾಗಿತ್ತು. ಅದು ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಹದಿನೇಳು ದಿನ ಬರೆದರೂ ಚಿತ್ರ ನಿಲ್ಲಲಿಲ್ಲ. ಡಬ್ಬಿಯ ಎಡಕ್ಕೆ ನೆಗ್ಗು, ಅದರೊಳಗೆ ನೆರಳು, ಸರಿ. ಬಲಕ್ಕೆ ಏನೂ ಇಲ್ಲ. ಆ ಕಡೆಯಿಂದ ನೋಡಿದರೆ ಅಂಗಡಿಯಿಂದ ನಿನ್ನೆ ತಂದ ಡಬ್ಬಿ. ಬಲಕ್ಕೂ ಅಷ್ಟೇ ನೆರಳು ಬೇಕಾಗಿತ್ತು. ಬೇರೆ ಯಾರೇ ಆಗಿದ್ದರೂ ಕುಂಚದಲ್ಲಿ ಎರಡು ಎಳೆ ಬೂದು ಬಣ್ಣ ಎಳೆದು ಮುಗಿಸುತ್ತಿದ್ದರು. ಇವನು ಸುಳ್ಳು ಬರೆಯದವನಲ್ಲವೇ! ಅಡುಗೆಮನೆಯಿಂದ ಬಳ್ಳೊಳ್ಳಿ ಜಜ್ಜುವ ಕುಟ್ಟಾಣಿ ತಂದು, ಅದಕ್ಕೆ ಹಳೆಯ ಬನಿಯನ್ನು ಸುತ್ತಿ, ಡಬ್ಬಿಯನ್ನು ತೊಡೆಯ ಸಂದಿಯಲ್ಲಿ ಹಿಡಿದು ಹೊಡೆದ. ಸಾಲಲಿಲ್ಲ. ಮತ್ತೊಮ್ಮೆ ಹೊಡೆದ. ಪೆನ್ಸಿಲು ಅಡ್ಡ ಹಿಡಿದು ಹಳೆಯ ನೆಗ್ಗಿನ ಅಗಲ, ಆಳ ಅಳೆದು ನೋಡಿ ಮೂರನೆಯ ಸಲ ಹೊಡೆದಾಗ ಎರಡೂ ಒಂದೇ ಆದವು. ಒಳಗಿನಿಂದ ಸುಕನ್ಯಾ ಏನದು ಸಪ್ಪಳ ಎಂದು ಕೇಳಿದಳು. ಮೊಳೆ ಹೊಡೆಯುತ್ತಿದ್ದೇನೆ ಅಂದ. ಮರುದಿನ ಅವಳು ಆಫೀಸಿಗೆ ಹೋದ ಮೇಲೆ ನೆನಪು ಮಾಡಿಕೊಂಡು ಗೋಡೆಗೆ ಒಂದು ಮೊಳೆ ಹೊಡೆದ. ಹೇಳಿದ ಮಾತು ಸುಳ್ಳಾಗಬಾರದಲ್ಲ. ಆರು ದಿನದಲ್ಲಿ ಚಿತ್ರ ಮುಗಿಯಿತು. ಅಂಥ ಚಿತ್ರ ಮೊದಲು ಬರೆದಿರಲಿಲ್ಲ, ಇನ್ನು ಬರೆಯುವುದೂ ಇಲ್ಲ ಎಂದು ಆವತ್ತೇ ಗೊತ್ತಾಯಿತು. ಚಿಗವ್ವನನ್ನು ಮಸ್ಕಿಗೆ ಕರೆತಂದು ಚಿತ್ರ ತೋರಿಸಿ ಡಬ್ಬಿ ವಾಪಸು ಕೊಟ್ಟ. ಅವಳು ಚಿತ್ರವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಡಬ್ಬಿಯನ್ನು ಮೊದಲನೆಯ ಸಲ ಕೈಗೆ ತೆಗೆದುಕೊಂಡಳು. ಆಗ ಏನೂ ಅನ್ನಲಿಲ್ಲ.

ಅಂದದ್ದು ನಾಲ್ಕು ತಿಂಗಳ ಹಿಂದೆ, ಮಸ್ಕಿ ಸಂತೆಯಲ್ಲಿ. ಮೆಣಸಿನಕಾಯಿ ರಾಶಿಯ ಹತ್ತಿರ ಹಿಂದಿನಿಂದ ಬಂದು ಇವನ ಅಂಗಿ ಹಿಡಿದಳು. ಕೈಚೀಲದಿಂದ ಡಬ್ಬಿ ತೆಗೆದಳು. ಎಲ್ಲಿ ಹೋದರೂ ಅದು ಜೊತೆಯಲ್ಲೇ ಇರುತ್ತದೆಯಂತೆ. ಸಂತೆಯ ನಟ್ಟನಡುವೆ ಇವನ ಎರಡೂ ಕೈ ಎಳೆದು ಎರಡೂ ನೆಗ್ಗಿಗೆ ಕೂಡಿಸಿದಳು. ಅಂಗೈ ಸರಿಯಾಗಿ ಕೂತವು. 'ಎರಡೂ ಕೈಲೆ ಗಟ್ಟಿ ಹಿಡಕೊಂಡಿದ್ಳು ನೋಡು. ನೀ ಬರದು ತೋರಿಸೋತನಕ ನನಗ ಕಂಡಿದ್ದಿಲ್ಲಪ್ಪ' ಅಂದಳು. ಆವತ್ತು ಬೆಳಿಗ್ಗೆ ಮಗಳನ್ನು ಬೈದು ಕಳಿಸಿದ್ದಳಂತೆ. ಹಿಂದಿನ ದಿನ ಬುತ್ತಿ ಗದ್ದೆಯಲ್ಲಿ ಬೀಳಿಸಿಕೊಂಡು ಉಪವಾಸ ಬಂದವಳಿಗೆ, ನಿನ್ನ ಕೈಯಲ್ಲಿ ಏನೂ ನಿಲ್ಲುವುದಿಲ್ಲ ಎಂದು ಬೈದದ್ದೇ ಕೊನೆಯ ಮಾತು. ಊರವರು ಮೌನಿ ನಿದ್ದೆಯಲ್ಲೇ ಹೋದಳು, ಅವಳಿಗೆ ಏನೂ ತಿಳಿಯಲಿಲ್ಲ ಎಂದು ಸಮಾಧಾನ ಹೇಳುತ್ತಾರೆ. ನಿದ್ದೆಯಲ್ಲಿದ್ದವಳು ಹೀಗೆ ಹಿಡಿಯುತ್ತಾಳೆಯೇ? ನನ್ನ ಮಾತು ನೆನೆದೇ ಹಿಡಿದಿದ್ದಾಳೆ, ಸಿಟ್ಟು ಇಟ್ಟುಕೊಂಡು ಹೋಗಿಲ್ಲ ನನ್ನ ಕೂಸು. ದಿನಾ ದೀಪ ಹಚ್ಚಿದ ಮೇಲೆ ಹೀಗೆ ಹಿಡಿದು ಕೂತುಕೊಳ್ಳುತ್ತೇನೆ, ಆಮೇಲೆ ನಿದ್ದೆ ಬರುತ್ತದೆ. ಇಷ್ಟನ್ನೂ ಹೇಳುವಾಗ ಅವಳ ಮುಖದಲ್ಲಿ ನಗುವಿನಂಥದ್ದು ಇತ್ತು. ಇವನು ಹ್ಞೂಂ ಅಂದ. ಹ್ಞೂಂ ಚಿಗವ್ವ ಅಂದ. ಮೆಣಸಿನಕಾಯಿ ಘಾಟಿಗೆ ಕಣ್ಣಲ್ಲಿ ನೀರು ಬಂದದ್ದನ್ನು ಅವಳು ಬೇರೆ ಅಂದುಕೊಂಡು ಇವನ ಬೆನ್ನು ಸವರಿದಳು.

ಶಾಲೆಯಲ್ಲಿ ಮಧ್ಯಾಹ್ನ ಹೆಡ್ ಮಾಸ್ತರ ಬಸವಂತರಾಯರು ಎಲ್ಲರನ್ನೂ ಕೂಡಿಸಿ ಇವನಿಗೆ ಶಾಲು ಹೊದಿಸಿದರು. ಚಿತ್ರದ ದೊಡ್ಡ ಬಣ್ಣದ ಪ್ರತಿ ತೆಗೆಸಿ ಗೋಡೆಗೆ ಅಂಟಿಸಿದ್ದರು. ರೂಲುಗೋಲು ತೋರಿಸುತ್ತ, ಈ ಕಡೆಯ ನೆಗ್ಗು ಬಡತನ, ಈ ಕಡೆಯದು ಸಾವು, ನಡುವೆ ಹೊಳೆಯುವುದು ತಾಯಿಯ ಪ್ರೀತಿ ಎಂದು ವಿವರಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಸೆಕೆಗೆ ಶಾಲು ಕುತ್ತಿಗೆಗೆ ಅಂಟಿತ್ತು. ವಿಜ್ಞಾನದ ಅಸದ್ ಮಾಸ್ತರು ಚಿತ್ರದ ಹತ್ತಿರ ಹೋಗಿ ಕನ್ನಡಕ ಮೇಲೆತ್ತಿ ನೋಡಿ, 'ಏನ್ ಪ್ರಸಾದ್ ಸಾಬ್, ಎರಡೂ ಅಳತಿ ಹಿಡದು ಹೊಡದಂಗ ಅದಾವಲ್ರೀ' ಅಂದರು. ಗೊತ್ತಾಯಿತು ಇವರಿಗೆ, ಇನ್ನೊಂದು ಪ್ರಶ್ನೆ ಕೇಳುತ್ತಾರೆ, ಕೇಳಲಿ, ಇಲ್ಲೇ ಎಲ್ಲರೆದುರು ಮುಗಿದುಹೋಗಲಿ ಎಂದು ಶಿವಪ್ರಸಾದ ಕಾದ. ಕೇಳಿದರೆ ಹೇಳುವುದು ಎಷ್ಟು ಸುಲಭ! ಅಸದ್ ಮಾಸ್ತರು ಚಹಾದ ಕಡೆ ತಿರುಗಿ ಬಿಸ್ಕೀಟಿನ ಪುಡಿಕೆ ಒಡೆದರು. ಅದೇ ಕಲೆ ಎಂದು ಬಸವಂತರಾಯರು ಅವರಿಗೆ ಉತ್ತರ ಕೊಟ್ಟರು. ತಪ್ಪಿಸಿಕೊಂಡೆ ಎಂದು ಉಸಿರು ಬಿಟ್ಟವನಿಗೆ, ಆ ಉಸಿರಿನ ಬೆನ್ನಿಗೇ ತನ್ನ ಮೇಲೆ ಅಸಹ್ಯ ಬಂತು. ಮಧ್ಯಾಹ್ನದ ಊಟದ ಡಬ್ಬಿ ಬಿಚ್ಚಲೇ ಇಲ್ಲ.

ವಾಪಸು ಬಸ್ಸಿನಲ್ಲಿ ಹೇಳುವುದು ಬೇಡ ಎಂದು ತೀರ್ಮಾನ ಮಾಡಿದ. ಮುದುಕಿಗೆ ನಿದ್ದೆ ಬರುತ್ತಿದೆ, ಬರಲಿ. ಒಂದು ಗುದ್ದು ಒಂದು ಜೀವಕ್ಕೆ ಸಮಾಧಾನ ಕೊಟ್ಟಿದ್ದರೆ ಅದು ಪಾಪ ಹೇಗಾಯಿತು? ಎರಡು ಮೈಲಿ ಹೋಗುವಷ್ಟರಲ್ಲಿ ವೇದಿಕೆ ಕಣ್ಣಿಗೆ ಕಟ್ಟಿತು. ಮೈಕು, ದೀಪ, ಎದುರಿಗೆ ಮುನ್ನೂರು ಜನ, ಚಿಗವ್ವ ಎರಡೂ ಅಂಗೈಯನ್ನು ನೆಗ್ಗುಗಳಿಗಿಟ್ಟು ಮಗಳ ಕೈ ಗುರುತು ತೋರಿಸುತ್ತಾಳೆ. ಅವಳ ಒಂದು ಅಂಗೈಯೊಳಗೆ ಸುಕನ್ಯಾಳ ಕುಟ್ಟಾಣಿ. ಜನ ಕಣ್ಣೊರೆಸಿಕೊಳ್ಳುತ್ತಾರೆ, ಇವನಿಗೆ ಹಾರ. ಹೇಳಿಬಿಡಬೇಕು. ಹೇಳಬೇಕು ಅನ್ನುವುದರಲ್ಲಿ ಅವಳ ಒಳ್ಳೆಯದು ಎಷ್ಟು, ತಾನು ಹಗುರಾಗುವ ಆಸೆ ಎಷ್ಟು ಎಂದು ಅವನು ಕೇಳಿಕೊಳ್ಳಲಿಲ್ಲ, ಕೇಳಿಕೊಳ್ಳಬೇಕಾಗಿತ್ತು. ಕಂಡಕ್ಟರು ಸಂತೆಕಲ್ಲೂರು ಎಂದು ಕೂಗಿದಾಗ ಕಾಲು ತಾವಾಗಿಯೇ ಇಳಿದವು.

ಶೇಖಮ್ಮ ಬಾಗಿಲಲ್ಲಿ ಕೂತು ಮರದಲ್ಲಿ ಜೋಳ ಕೇರುತ್ತಿದ್ದಳು. ಬಿಸಿಲು ಇಳಿದಿತ್ತು. ಇವನನ್ನು ಕಂಡು ಮರ ಪಕ್ಕಕ್ಕಿಟ್ಟು, ಅಯ್ಯಮ್ಮನ ಮಗ ಬಂದ ಎಂದು ತನಗೆ ತಾನೇ ಹೇಳಿಕೊಳ್ಳುವಂತೆ ಹೇಳಿ ಚಾಪೆ ಹಾಸಿದಳು. ಸೊರಗಿದ್ದೀಯ, ಹೆಂಡತಿ ಉಣ್ಣಲು ಹಾಕುವುದಿಲ್ಲವೇ ಎಂದು ಕೇಳಿದಳು. ಚಹಾ ಮಾಡಿದಳು. ಕೈಯಲ್ಲಿ ಕಪ್ಪು ಹಿಡಿದು ಇವನು ಆಮಂತ್ರಣ ಪತ್ರಿಕೆಯ ವಿಷಯ ಹೇಳಿದ. ಜೀಪು ಬರುತ್ತದೆಂದು ಕೇಳಿ ಅವಳು ನಕ್ಕಳು. ಟಂಟಂ ಅಲ್ಲ ತಾನೇ ಅಂದಳು. ಅದನ್ನು ಅವಳು ತಮಾಷೆಗೇ ಅಂದದ್ದು. ಮಾಡದಿಂದ ಡಬ್ಬಿ ತಂದು ತೊಡೆಯ ಮೇಲಿಟ್ಟುಕೊಂಡು, ಜನರ ಮುಂದೆ ಏನು ಹೇಳಬೇಕು ಎಂದು ಕೇಳಿದಳು. ಅವಳ ಅಂಗೈಗಳು ಅಷ್ಟರಲ್ಲಾಗಲೇ ಎರಡೂ ಪಕ್ಕಕ್ಕೆ ಹೋಗಿ ಕೂತಿದ್ದವು. ನಾಟಿ ಹಚ್ಚಿ ಹಚ್ಚಿ ಉಗುರು ಸವೆದ ಕೈ; ಇವನ ಅವ್ವನದೂ ಅಂಥದ್ದೇ ಇತ್ತು. ಬೆರಳ ಸಂದಿನಲ್ಲಿ ನೆಗ್ಗುಗಳ ಸ್ಟೀಲು ಬೆಳ್ಳಿಯಂತೆ ಬೆಳಗಿತ್ತು, ಎರಡರಲ್ಲೂ.

'ಚಿಗವ್ವ, ಎರಡೂ ಆಕಿವಲ್ಲ' ಅಂದ.

ಅವಳಿಗೆ ತಿಳಿಯಲಿಲ್ಲ. ಇವನು ಹೇಳಿದ. ಒಂದು ಮಾತು ಹೊರಗೆ ಬಿದ್ದದ್ದೇ ತಡ ಉಳಿದದ್ದೆಲ್ಲ ಸರಾಗ ಬಂತು: ಬಲಗಡೆ ಖಾಲಿ ಕಂಡದ್ದು, ಕುಟ್ಟಾಣಿ, ಬನಿಯನ್ನು, ಮೂರು ಏಟು, ಪೆನ್ಸಿಲಿನ ಅಳತೆ, ಕೊನೆಗೆ ಆ ಮೊಳೆಯ ಸಂಗತಿಯನ್ನೂ. ಹೇಳುತ್ತ ಹೇಳುತ್ತ ಎದೆ ಹಗುರಾಗುತ್ತಿರುವುದು ಅವನಿಗೇ ಗೊತ್ತಾಯಿತು. ತಪ್ಪಾಯಿತು ಚಿಗವ್ವ, ಬೈದುಬಿಡು ಅಂದ. ಅವಳು ಬೈಯಲಿಲ್ಲ. ಮೊದಲು ಬಲಗೈ ತೆಗೆದಳು, ಸ್ವಲ್ಪ ಹೊತ್ತಿನ ಮೇಲೆ ಎಡಗೈಯನ್ನೂ ತೆಗೆದಳು. ಡಬ್ಬಿ ತೊಡೆಯ ಮೇಲೆ ತಾನೇ ಕೂತಿತ್ತು. ಹೊರಗೆ ಯಾರದೋ ಕೋಳಿ ಬಂದು ಮರದಲ್ಲಿದ್ದ ಜೋಳ ಹೆಕ್ಕತೊಡಗಿತು, ಅವಳು ಓಡಿಸಲಿಲ್ಲ.

'ಹಂಗಾದ್ರ ಒಂದ ಕೈಲೆ ಹಿಡದಿದ್ಳೇನು?' ಅಂದಳು.

ಯಾರಿಗೆ ಗೊತ್ತು ಕೈಯೋ, ಕಾಲುವೆಯ ಕಲ್ಲೋ, ಟಂಟಂನ ಸರಳೋ. ಅದನ್ನು ಹೇಳದಿರುವಷ್ಟು ಬುದ್ಧಿ ಇವನಿಗಿತ್ತು.

'ಹೋಗ್ಲಿ ಬಿಡು. ಒಂದ ಕೈಲೇನ ಹಿಡದಿರ್ಲಿ, ಹಿಡದಾಳಲ್ಲ.' ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಹೊಲದಲ್ಲಿ ಕಳೆದುಹೋದ ಕುಡುಗೋಲು ಹುಡುಕುವವಳ ಅವಸರ ಇತ್ತು. ಡಬ್ಬಿಯನ್ನು ಎತ್ತಿ ಇವನ ಮುಂದೆ ಹಿಡಿದಳು. 'ಆಕಿದು ಯಾವುದು? ಅದನ್ನ ತೋರಿಸು. ಅದೊಂದನ್ನ ಮುಟ್ತೀನಿ.'

'ಎಡಗಡೆದು' ಅಂದ ತಟ್ಟನೆ. ಒಂದೂವರೆ ವರ್ಷದಿಂದ ಮನಸ್ಸಿನಲ್ಲಿ ಉರು ಹೊಡೆದ ಮಾತು ಅದು: ಎಡಗಡೆಯದು ಅವಳದು, ಬಲಗಡೆಯದು ನನ್ನದು.

ಶೇಖಮ್ಮ ಡಬ್ಬಿಯನ್ನು ನೋಡಿದಳು. ದುಂಡನೆಯ ಡಬ್ಬಿಯನ್ನು ಅರ್ಧ ತಿರುಗಿಸಿದಳು. ಮತ್ತೆ ಅರ್ಧ ತಿರುಗಿಸಿದಳು. 'ಇದಕ್ಕ ಎಡಗಡೆ ಯಾವುದಪ್ಪ?' ಅಂದಳು.

ಅವನು ಡಬ್ಬಿಯನ್ನು ಕೈಗೆ ತೆಗೆದುಕೊಂಡ. ಬಾಗಿಲ ಬೆಳಕಿಗೆ ಹಿಡಿದ. ಇಪ್ಪತ್ಮೂರು ದಿನ ಇದನ್ನೇ ನೋಡಿದವನು. ಅದರ ಮೈಮೇಲಿನ ಒಂದೊಂದು ಗೆರೆ ಕಣ್ಣು ಮುಚ್ಚಿ ಬರೆಯಬಲ್ಲೆ ಎಂದು ಜಂಬ ಪಟ್ಟವನು. ಎಡ ಇದ್ದದ್ದು ಇವನ ಸ್ಟೂಲಿಗೆ, ಇವನ ಕಿಟಕಿಗೆ, ಇವನ ಚಿತ್ರಕ್ಕೆ. ಡಬ್ಬಿಗೆ ಎಡವೂ ಇರಲಿಲ್ಲ, ಬಲವೂ ಇರಲಿಲ್ಲ. ಮುಚ್ಚಳ ಯಾವ ಕಡೆ ತಿರುಗಿಸಿದರೂ ಕೂಡುತ್ತಿತ್ತು. ಒಂದು ನೆಗ್ಗಿನಲ್ಲಿ ಹೆಬ್ಬೆರಳಿಟ್ಟ, ಇನ್ನೊಂದರಲ್ಲಿ ಇಟ್ಟ. ಆಳ ಅಷ್ಟೇ, ಅಗಲ ಅಷ್ಟೇ. ಅಳೆದು ಹೊಡೆದಿದ್ದನಲ್ಲ, ಚೆನ್ನಾಗಿಯೇ ಹೊಡೆದಿದ್ದ. ಎಲ್ಲಾದರೂ ಒಂದು ಗೀರು, ಒಂದು ತರಚು ಉಳಿದಿರಬಹುದೆಂದು ಉಗುರಿನಿಂದ ತಡವಿದ. ದಿನಾ ದೀಪ ಹಚ್ಚಿದ ಮೇಲೆ ಅವಳ ಅಂಗೈ ತಿಕ್ಕಿ ತಿಕ್ಕಿ ಎರಡನ್ನೂ ಒಂದೇ ಸಮ ನುಣ್ಣಗೆ ಮಾಡಿಬಿಟ್ಟಿತ್ತು. ಅವಳು ಅವಸರ ಮಾಡಲಿಲ್ಲ. ಡ್ರಾಯಿಂಗ್ ಮಾಸ್ತರನಿಗೆ ಕಾಣದಿದ್ದರೆ ಇನ್ಯಾರಿಗೆ ಕಾಣಬೇಕು ಎಂಬ ನಂಬಿಕೆಯಿಂದ ಅವನ ಬೆರಳನ್ನೇ ನೋಡುತ್ತ ಕೂತಿದ್ದಳು. ಬಾಯಿಗೆ ಬಂದ ಒಂದನ್ನು ತೋರಿಸಿಬಿಡು, ಇದೇ ಅನ್ನು ಎಂದು ಒಳಗಿನಿಂದ ಯಾರೋ ಅಂದರು. ಬಾಯಿ ತೆರೆದ.

'ಗೊತ್ತಾಗವಲ್ದು ಚಿಗವ್ವ' ಅಂದ.

ಅವಳು ತಲೆ ಆಡಿಸಿದಳು. ಹೊರಗೆ ಬಸ್ಸು ಹಾರ್ನು ಹಾಕಿ ಹೋಯಿತು. ಮಸ್ಕಿಗೆ ಹೋಗುವುದೋ ಲಿಂಗಸುಗೂರಿಗೆ ಹೋಗುವುದೋ. ಒಳಗೆ ಕತ್ತಲಾಗುತ್ತಿತ್ತು, ದೀಪ ಹಚ್ಚುವ ಹೊತ್ತು. ಅವಳು ಎದ್ದು ಬಂದು ಅವನ ಮುಂದೆ ನಿಂತಳು. 'ಎದ್ದ ಹೋಗಪ್ಪ, ಕತ್ತಲಾಗ್ತತಿ' ಅಂದಳು. ಡಬ್ಬಿಯನ್ನು ಚಾಪೆಯ ಮೇಲಿಟ್ಟು ಬಾಗಿಲ ತನಕ ಹೋದವನು ತಿರುಗಿ ನೋಡಿದ. ಶೇಖಮ್ಮ ಚಾಪೆಯ ಮೇಲಿನ ಡಬ್ಬಿ ತೆಗೆದುಕೊಳ್ಳಲು ಎರಡೂ ಕೈ ಚಾಚಿದಳು; ಕೈ ನಡುದಾರಿಯಲ್ಲಿ ನಿಂತವು. ಆಮೇಲೆ ಒಂದು ಕೈಯನ್ನು ತಳಕ್ಕೆ ಕೊಟ್ಟು, ಇನ್ನೊಂದನ್ನು ಮುಚ್ಚಳದ ಮೇಲಿಟ್ಟು, ಪಕ್ಕಗಳನ್ನು ಎಲ್ಲೂ ಮುಟ್ಟದೆ, ಅದನ್ನು ಮಾಡದಲ್ಲಿಟ್ಟಳು.